ಹಂದಿ ರೂಪಾಯಿಯ ತಾರೀಖು

ತಲೆ ಮತ್ತೆ ಬಲಕ್ಕೆ ವಾಲಿತು. ಮಹಮ್ಮದ್ ಹನೀಫ್ ಎರಡೂ ಅಂಗೈಯಲ್ಲಿ ಗದ್ದ ಹಿಡಿದು ನೆಟ್ಟಗೆ ಮಾಡಿದ. ಹಿಂದೆ ನಿಂತವರು ಗೋಡೆಯ ಮೊಳೆಗೆ ಬಿಗಿದಿದ್ದ ಬಿಳಿ ಪಟ್ಟಿಯನ್ನು ಹಣೆಯ ಸುತ್ತ ತಂದು ಇನ್ನೊಂದು ಗಂಟು ಹಾಕಿದರು.

“ಜೋರಾಗಿ ಜಗ್ಗಬ್ಯಾಡ್ರೋ. ನಲವತ್ತು ವರ್ಷ ಬಲಕ್ಕ ಬಗ್ಗಿದ ಕುತ್ತಿಗಿ ಅದು. ಇವತ್ತ ನೆಟ್ಟಗ ಕುಂದರು ಅಂದ್ರ ಹೆಂಗ ಕುಂದರತೈತಿ?” ಎಂದ ಹನೀಫ್.

ಸಿದ್ದಲಿಂಗಪ್ಪನನ್ನು ಪಡಸಾಲೆಯಲ್ಲಿ ಕೂಡಿಸಿ, ಮೈಗೆಲ್ಲ ವಿಭೂತಿ ಬಳಿದಿದ್ದರು. ಬಲಗಣ್ಣಿನ ಸುತ್ತ ಮಾತ್ರ ಅದು ಸರಿಯಾಗಿ ಕೂತಿರಲಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಅಲ್ಲಿ ಬಳೆಯಾಕಾರದ ತಗ್ಗೊಂದನ್ನು ಉಳಿಸಿತ್ತು. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಆರಡಿ ಅಗಲದ ಅಂಗಡಿ ಅವನದು. ಪಕ್ಕದಲ್ಲೇ ಹನೀಫನ ಸ್ಟೋವು, ಕೊಡೆ ರಿಪೇರಿ. ನಿನ್ನೆ ಬುಧವಾರ ಸಂಜೆ ಯಾರದೋ ಕೈಗಡಿಯಾರದ ಹಿಂಬದಿಯ ಮುಚ್ಚಳ ಹಾಕಿ, “ಹನೀಫಾ, ಒಂದ ತಂಬಿಗಿ ನೀರ ಕೊಡು” ಎಂದಿದ್ದ. ಹನೀಫ್ ನೀರು ತರುವಷ್ಟರಲ್ಲಿ ತಲೆ ಮೇಜಿನ ಮೇಲಿತ್ತು. ಅರವತ್ತಾರು ವರ್ಷ.

ಹೆಂಗಸರ ನಡುವೆ ಸಿದ್ದಲಿಂಗಪ್ಪನ ಅಕ್ಕ ನೀಲಗಂಗವ್ವ ಹಾಡಿಕೊಂಡು ಅಳುತ್ತಿದ್ದಳು.

“ಮಾಳಿಗಿ ಕಟ್ಟಲಿಲ್ಲೋ ತಮ್ಮಾ… ಹೊಲಾ ಹಿಡೀಲಿಲ್ಲೋ ತಮ್ಮಾ… ಮಂದೀ ತಾಸು ತಿದ್ದಕೋತ ನಿನ್ನ ತಾಸು ಮುಗಿಸಿದೆಲ್ಲೋ…”

ಮಗಳು ಭುವನಾಗೆ ತಡೆಯಲಾಗಲಿಲ್ಲ. ಹಾವೇರಿಯ ಶಾಲೆಯಲ್ಲಿ ಟೀಚರಾಗಿದ್ದ ಅವಳು ರಾತ್ರಿಯ ಬಸ್ಸಿಗೆ ಬಂದಿದ್ದಳು. ಬಂದಾಗಿನಿಂದ ಅತ್ತಿರಲಿಲ್ಲ.

“ಅತ್ತೀ, ಹಂಗ ಅಳಬ್ಯಾಡ. ಅಪ್ಪ ಏನೂ ಮಾಡಲಿಲ್ಲ ಅನ್ನೂ ಹಂಗ ಆಕ್ಕೈತಿ.”

“ಸುಳ್ಳೇನವ್ವ ನಾ ಅಂದದ್ದು? ಬಂದ ರೊಕ್ಕಾನೆಲ್ಲಾ ಹಳೇ ಪೈಸಾಕ್ಕ ಹಾಕಿದ. ತವರು ಮನಿ ಹಂಚು ಸೋರತಾವ ಇನ್ನೂ.”

ತಾಯಿ ಸುಶೀಲವ್ವ ಗಂಡನ ಪಾದದ ಹತ್ತಿರ ಕೂತಿದ್ದಳು.

ಹೊರಗೆ ಜೀಪೊಂದು ನಿಂತ ಸದ್ದಾಯಿತು. ಚಪ್ಪರದ ಕೆಳಗೆ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದರು.

“ಬ್ಯಾಡಗಿ ಪ್ರಭುಲಿಂಗಪ್ಪ ಸಾವ್ಕಾರ್ರು!”

“ಇವತ್ತ ಗುರುವಾರ ಅಲ್ಲೇನು? ಫೆಬ್ರುವರಿ ತಿಂಗಳ ಗುರುವಾರ, ಮೆಣಸಿನಕಾಯಿ ಟೆಂಡರ್ ದಿನ, ಮಾರ್ಕೆಟ್ ಬಿಟ್ಟು ಮಣ್ಣಿಗೆ ಬಂದಾರಂದ್ರ…”

ಎಪ್ಪತ್ತರ ಪ್ರಭುಲಿಂಗಪ್ಪನವರು ಮಾರುಕಟ್ಟೆಯ ಮೂವರು ದಲಾಲರೊಂದಿಗೆ ಇಳಿದರು. ಜೀಪು ನಡೆಸಿಕೊಂಡು ಬಂದ ಮಗ ವೀರೇಂದ್ರ ಇಳಿಯದೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಸಾವ್ಕಾರರು ಒಳಗೆ ಬಂದು, ಮಾಲೆ ಹಾಕಿ, ಆ ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಭುವನಾ ಕೈ ಮುಗಿಯಲಿಲ್ಲ. ಗೋಡೆಗೆ ಆತು ನಿಂತಳು.

“ಇವರ್ಯಾಕ ಬಂದ್ರು ಕಾಕಾ?” ಎಂದಳು ಹನೀಫನಿಗೆ, ಸಣ್ಣ ದನಿಯಲ್ಲಿ.

“ಬರಲಿ ಬಿಡವ್ವ. ಮಣ್ಣಿಗೆ ಬಂದೋರ್ನ ಯಾಕ ಅನ್ನಬಾರದು.”

*

ಎರಡು ವರ್ಷದ ಹಿಂದೆ, 2006ರ ಸಂಕ್ರಾಂತಿ ಕಳೆದ ವಾರ, ಇದೇ ಪ್ರಭುಲಿಂಗಪ್ಪನವರು ಅಂಗಡಿಯ ಮೆಟ್ಟಿಲು ಹತ್ತಿದ್ದರು. ಊಟದ ಡಬ್ಬಿ ತಂದಿದ್ದ ಭುವನಾ ಅಲ್ಲೇ ಇದ್ದಳು. ಸಾವ್ಕಾರರು ಕರವಸ್ತ್ರ ಬಿಚ್ಚಿ, ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಗಾಜಿನ ಹಾಗೆ ತಿಳಿಯಾದ ಡಬ್ಬಿ. ಅದರ ನಡುವೆ ಬೆಳ್ಳಿಯ ರೂಪಾಯಿ, ಮೇಲೆ ಒಂದು ಚೀಟಿ, ಚೀಟಿಯಲ್ಲಿ ನಾಣ್ಯದ ಇಸವಿ, ಅದಕ್ಕೆ ಕೊಟ್ಟ ಅಂಕ, ಮತ್ತೊಂದು ಉದ್ದನೆಯ ಸಂಖ್ಯೆ.

“ಅಮೆರಿಕಾಕ್ಕ ಕಳಸಿ ಮಾಡಿಸಿದ್ದಂತ. ಅಲ್ಲಿ ಕಂಪನಿಯವರು ನಾಣ್ಯ ಪರೀಕ್ಷಾ ಮಾಡಿ, ಮಾರ್ಕ್ಸ್ ಕೊಟ್ಟು, ಹಿಂಗ ಮುಚ್ಚಿ ಕೊಡತಾರಂತ. ಒಡದ್ರ ಮಾತ್ರ ತೆಗಿಯಾಕ ಬರತೈತಿ. ಇದು ನಂದ ಹೌದೋ ಅಲ್ಲೋ, ಅಷ್ಟ ಹೇಳು ಸಿದ್ದಲಿಂಗಪ್ಪಾ.”

ಇಂಥದ್ದನ್ನು ಕೇಳಲು ಜನ ಸಿದ್ದಲಿಂಗಪ್ಪನ ಹತ್ತಿರವೇ ಬರುತ್ತಿದ್ದರು. ನಯಾಪೈಸೆ ಚಲಾವಣೆಗೆ ಬಂದ ಕಾಲದಿಂದ ಅವನು ಹಳೆಯ ನಾಣ್ಯ ಕೂಡಿಡುತ್ತ ಬಂದವನು. ಬೆಲೆಬಾಳುವಂಥದ್ದೇನೂ ಅವನಲ್ಲಿರಲಿಲ್ಲ. ಆದರೆ ಕಂಡ ಪ್ರತಿ ನಾಣ್ಯದ ಗುರುತು ಬರೆದಿಟ್ಟ ಎರಡು ದಪ್ಪ ನೋಟುಬುಕ್ಕುಗಳಿದ್ದವು. 1998ರಲ್ಲಿ ಗೋಡೆ ಗಡಿಯಾರ ನೋಡಲು ಸಾವ್ಕಾರರ ಮನೆಗೆ ಹೋದಾಗ, ದೇವರ ಜಗಲಿಯ ಮೇಲೆ ಲಕ್ಷ್ಮೀಪೂಜೆಗೆ ಇಟ್ಟಿದ್ದ ರೂಪಾಯಿ ನೋಡಿ ಬೆರಗಾಗಿದ್ದ. 1911ರ ಐದನೆಯ ಜಾರ್ಜ್. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಸಿಟ್ಟಾಗಿ, ಸರಕಾರ ಹಿಂದಕ್ಕೆ ತೆಗೆದುಕೊಂಡ ನಾಣ್ಯ. “ಹಂದಿ ರೂಪಾಯಿ ಅಂತಾರ್ರಿ ಇದಕ್ಕ. ಜ್ವಾಕಿ ಮಾಡ್ರಿ,” ಎಂದು ಆ ದಿನವೇ ಹೇಳಿದ್ದ.

ಈಗ ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಆಮೇಲೆ ನೋಟುಬುಕ್ಕು ತೆಗೆದು, ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರ ತೋರಿಸಿದ. ರಾಜನ ಕಿವಿಯ ಕೆಳಗೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ. ಡಬ್ಬಿಯೊಳಗಿನ ರಾಜನಿಗೂ ಅದೇ ಚುಕ್ಕೆ.

“ನಿಮ್ಮದರಿ.”

ಸಾವ್ಕಾರರು ತೊಡೆ ತಟ್ಟಿದರು. “ಹಂಗಾರ ಆಕೀನ ಕದ್ದಾಳ!”

ಆಕೆ ಎಂದರೆ ಗುಡ್ಡವ್ವ, ಅವರ ಮನೆಯ ಕೆಲಸದಾಕೆ. ದೇವರಗುಡ್ಡದ ಹುಡುಗಿ, ಗಂಡ ಸತ್ತ ಮೇಲೆ ಬ್ಯಾಡಗಿಗೆ ಬಂದವಳು. ಹಿಂದಿನ ದೀಪಾವಳಿಗೆ ಬಂದ ನೆಂಟರೊಬ್ಬರು ಜಗಲಿಯ ಮೇಲಿನ ರೂಪಾಯಿ ನೋಡಿ, ಇದು 1911ರದಲ್ಲ, 1912ರದು ಎಂದಿದ್ದರು. ಯಾರೋ ಹಂದಿ ರೂಪಾಯಿ ಒಯ್ದು, ಅಂಥದ್ದೇ ಇನ್ನೊಂದನ್ನು ಇಟ್ಟಿದ್ದರು. ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಜಗಲಿ ಒರೆಸುತ್ತಿದ್ದವಳು ಗುಡ್ಡವ್ವ. ಸಾವ್ಕಾರರು ಪೇಟೆಯ ನಾಲ್ಕು ಮಂದಿಯ ಮುಂದೆ ಅವಳನ್ನು ನಿಲ್ಲಿಸಿ ಕಳ್ಳಿ ಎಂದರು. ಯುಗಾದಿಯೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರಿಗೆ ಬರೆದುಕೊಡುವುದಾಗಿ ಹೇಳಿ ಮನೆ ಬಿಡಿಸಿದರು. ಈಗ ಹುಬ್ಬಳ್ಳಿಯ ನಾಣ್ಯ ಪ್ರದರ್ಶನದಲ್ಲಿ ಈ ಡಬ್ಬಿ ಕಂಡು ಕೊಂಡು ತಂದಿದ್ದರು. ಮುಂಬೈ ಕಡೆಯಿಂದ ಕೈ ಬದಲಾಗಿ ಬಂತು ಎಂದಷ್ಟೇ ವ್ಯಾಪಾರಿ ಹೇಳಿದ್ದ.

ಸಿದ್ದಲಿಂಗಪ್ಪ ಡಬ್ಬಿ ತಿರುವಿ ಹಾಕಿ ನೋಡುತ್ತಿದ್ದ.

“ಇದನ್ನ ಈ ಡಬ್ಬಿಯೊಳಗ ಯಾವಾಗ ಮುಚ್ಚಿದ್ರು?”

“ಅದನ್ನ ತಗೊಂಡು ನೀ ಏನ ಮಾಡತಿ?”

“ಗುಡ್ಡವ್ವ ನಿಮ್ಮ ಮನಿಗೆ ಯಾವಾಗ ಬಂದ್ಲರಿ?”

“ಎರಡ ವರ್ಷ ಆತು. 2004ರ ಸಂಕ್ರಾಂತಿಗೆ.”

“ಅದಕಿಂತ ಮದಲ ಮುಚ್ಚಿದ್ರ ಆಕಿ ಕದ್ದಿಲ್ಲ. ಆಮ್ಯಾಲ ಮುಚ್ಚಿದ್ರ ಕದ್ದಿರಬಹುದು. ನೋಡೂಣಲ್ರಿ.”

ಸಾವ್ಕಾರರು ನಕ್ಕರು. “ನೋಡು, ನೋಡು. ಅದೊಂದ ಉಳದಿತ್ತು.” ಸಂಖ್ಯೆ ಬರೆದುಕೊಳ್ಳಲು ಬಿಟ್ಟರು. ಹೋಗುವಾಗ ತಮ್ಮ ತಂದೆಯ ಕಾಲದ ಕೈಗಡಿಯಾರ ಬಿಚ್ಚಿ, ಎಣ್ಣೆ ಹಾಕಿಡು ಎಂದು ಕೊಟ್ಟು ಹೋದರು.

*

ಹೆಣ ಕೂಡಿಸಿ ಹೊತ್ತೊಯ್ಯುವ ವಿಮಾನ ಕಟ್ಟುವ ಹೊತ್ತಿಗೆ ಗುಡ್ಡವ್ವ ಬಂದಳು. ದವಾಖಾನೆಯಲ್ಲಿ ಬೆಳಗಿನ ಪಾಳಿಯ ಕಸಗುಡಿಸಿ ನೇರವಾಗಿ ಬಂದಿದ್ದಳು. ಹೆಂಗಸರ ಗುಂಪಿನ ಅಂಚಿನಲ್ಲಿ, ಹೊಸ್ತಿಲಿಗೆ ಹತ್ತಿರ ಕೂತಳು.

“ಯಾರಿಕಿ?” ನೀಲಗಂಗವ್ವ ಕೇಳಿದಳು.

ಬೆಳಗಿನಿಂದ ಒಂದೂ ಮಾತಾಡದ ಸುಶೀಲವ್ವ, “ನಮ್ಮಾಕಿ,” ಎಂದಳು. ಸರಿದು ಪಕ್ಕದಲ್ಲಿ ಜಾಗ ಮಾಡಿ, “ಇಲ್ಲಿ ಬಾರವ್ವ,” ಎಂದು ಕರೆದಳು. ಗುಡ್ಡವ್ವ ಎದ್ದು ಹೋಗಿ ಅಲ್ಲಿ ಕೂತಳು.

ಚಪ್ಪರದಿಂದ ಒಂದು ದನಿ ಒಳಗೆ ಕೇಳಿಸಿತು. ಸಾವ್ಕಾರರ ಜೊತೆ ಬಂದ ದಲಾಲನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: “ಆಕಿ ಅಲ್ಲೇನೋ, ಸಾವ್ಕಾರ್ರ ಮನಿ ರೂಪಾಯಿ ಕದ್ದಾಕಿ?”

ಕೇಳಬೇಕಾದವರೆಲ್ಲ ಕೇಳಿಸಿಕೊಂಡರು. ಗುಡ್ಡವ್ವ ಸೆರಗು ಎಳೆದುಕೊಳ್ಳಲಿಲ್ಲ. ಸಿದ್ದಲಿಂಗಪ್ಪನ ಮುಖ ನೋಡುತ್ತ ಹಾಗೆಯೇ ಕೂತಳು. ಭುವನಾ ಬಾಗಿಲಿಗೆ ಬಂದು ಪ್ರಭುಲಿಂಗಪ್ಪನವರನ್ನು ನೋಡಿದಳು. ಅವರು ತುಟಿ ಅಲುಗಿಸಿದರು, ಮತ್ತೆ ಸುಮ್ಮನಾದರು. ಎರಡು ವರ್ಷದಿಂದ ಹೀಗೇ ಸುಮ್ಮನಿದ್ದರು.

*

ಸಾವ್ಕಾರರು ತಂದಿದ್ದ ಡಬ್ಬಿಯ ಮೇಲೆ ತಾರೀಖು ಇರಲಿಲ್ಲ. ಸಿದ್ದಲಿಂಗಪ್ಪ ಭುವನಾ ಕೈಯಿಂದ ಇಂಗ್ಲಿಷಿನಲ್ಲಿ ಕಂಪನಿಗೆ ಪತ್ರ ಬರೆಸಿದ. ತಿಂಗಳಾದ ಮೇಲೆ, ಗಿರಾಕಿಗಳ ವಿವರ ಕೊಡುವುದಿಲ್ಲವೆಂದು ಎರಡು ಸಾಲಿನ ಉತ್ತರ ಬಂತು.

“ಕೊಡದಿದ್ರ ಬ್ಯಾಡ,” ಎಂದ ಸಿದ್ದಲಿಂಗಪ್ಪ. “ಡಬ್ಬೀನ ಹೇಳತೈತಿ.”

ಕಂಪನಿಯವರು ಕೆಲವು ವರ್ಷಕ್ಕೊಮ್ಮೆ ಚೀಟಿಯ ಅಚ್ಚು, ಹಿಂಬದಿಯ ಮಿರುಗುವ ಮುದ್ರೆ ಬದಲಾಯಿಸುತ್ತಾರೆಂದು ಅವನು ಓದಿದ್ದ. ಆದರೆ ಈ ಅಚ್ಚು ನಾಲ್ಕೈದು ವರ್ಷ ನಡೆದದ್ದು. ಅದರಿಂದ ಗುಡ್ಡವ್ವನಿಗೆ ಉಪಯೋಗವಿರಲಿಲ್ಲ. ಉಳಿದದ್ದು ಚೀಟಿಯ ಮೇಲಿನ ಸಂಖ್ಯೆ. ನಾಣ್ಯಗಳು ಬಂದ ಹಾಗೆ ಸಂಖ್ಯೆ ಏರುತ್ತ ಹೋಗುತ್ತದೆ. ಆಸುಪಾಸಿನ ಸಂಖ್ಯೆಯ ಡಬ್ಬಿ ಇಟ್ಟುಕೊಂಡವರು ಎಲ್ಲಿಯಾದರೂ ಇರಬೇಕು. ಅವರ ಹತ್ತಿರ ಕಂಪನಿಯ ಕಾಗದ ಇರಬೇಕು, ಕಾಗದದ ಮೇಲೆ ತಾರೀಖು ಇರಬೇಕು.

ನಾಣ್ಯಪ್ರಿಯರ ಸಂಘದ ಪತ್ರಿಕೆಯಿಂದ ವಿಳಾಸ ಹೆಕ್ಕಿ ಇಪ್ಪತ್ಮೂರು ಪತ್ರ ಹಾಕಿದರು. ಪ್ರತಿಯೊಂದನ್ನೂ ಭುವನಾ ಬರೆದಳು. ಪ್ರತಿಯೊಂದಕ್ಕೂ ಅವನು ಮರುಉತ್ತರದ ಲಕೋಟೆಗೆ ಅಂಚೆಚೀಟಿ ಹಚ್ಚಿ ಇಟ್ಟ. ಒಂಬತ್ತು ಮಂದಿ ಉತ್ತರ ಬರೆದರು. ಅವರಲ್ಲಿ ಕೊಲ್ಹಾಪುರದ ನಿವೃತ್ತ ಹೆಡ್‌ಮಾಸ್ತರರ ಡಬ್ಬಿಯ ಸಂಖ್ಯೆ ಈ ಸಂಖ್ಯೆಗಿಂತ ನಾನೂರು ಕಡಿಮೆ. ಕಾಗದದ ತಾರೀಖು: 2002, ಜೂನ್ 11.

ಭುವನಾ ಅಂಗಡಿಯಲ್ಲೇ ಕುಣಿದುಬಿಟ್ಟಳು. “ಮುಗೀತಲ್ಲಪ್ಪಾ! ಆಕಿ ಬರೂಕಿಂತ ಒಂದೂವರಿ ವರ್ಷ ಮದಲು!”

“ಒಂದ ಗ್ವಾಡಿ ಇದ್ರ ಮನಿ ಆಗೂದಿಲ್ಲವ್ವ. ಇದರ ನಂಬರ್ ಅದಕಿಂತ ಮ್ಯಾಲ ಐತಿ. ಅಂದ್ರ ಜೂನ್ ಆದಮ್ಯಾಲ ಮುಚ್ಚ್ಯಾರ ಅಂತಷ್ಟ ಆತು. ಎಷ್ಟ ದಿನ ಆದಮ್ಯಾಲ? ಮ್ಯಾಲಿನ ನಂಬರಿನಾವ ಒಬ್ಬಾಂವ ಬೇಕು.”

“ಯುಗಾದಿಗೆ ಇಪ್ಪತ್ತ ದಿನ ಐತಿ.”

“ಇರಲಿ. ಅರ್ಧಾ ತಿಳಕೊಂಡು ಹೋದ್ರ ಸಾವ್ಕಾರ್ರು ಒಂದ ಮಾತಿನ್ಯಾಗ ಕೆಡವತಾರ. ಆಮ್ಯಾಲ ಆಕಿನ್ನ ಯಾರೂ ನಂಬೂದಿಲ್ಲ.”

ಯುಗಾದಿಗೆ ವಾರ ಇರುವಾಗ ಗುಡ್ಡವ್ವ ತಾನೇ ಹುಡುಕಿಕೊಂಡು ಅಂಗಡಿಗೆ ಬಂದಳು. ಒಳಗೆ ಕೂಡು ಎಂದರೂ ಕೂಡಲಿಲ್ಲ.

“ನನ್ನ ಸಲುವಾಗಿ ಪತ್ರ ಬರಿಯಾಕತ್ತೀರಂತ.”

“ನಿನ್ನ ಸಲುವಾಗಿ ಅಲ್ಲವ್ವ. ರೂಪಾಯಿ ಸಲುವಾಗಿ.”

“ನೀವು ನನ್ನ ಕಂಡವರಲ್ಲ. ನಾ ಕದ್ದಿಲ್ಲಂತ ಹೆಂಗ ನಂಬಿದ್ರಿ?”

ಸಿದ್ದಲಿಂಗಪ್ಪ ಭೂತಗನ್ನಡಿ ಕಣ್ಣಿನಿಂದ ತೆಗೆದು ಅವಳನ್ನು ನೋಡಿದ. “ನಂಬೇನಿ ಅಂತ ನಾ ಹೇಳಿಲ್ಲ. ಗೊತ್ತಾಗಲಿ ಅಂತ ಕಾಯಾಕತ್ತೇನಿ. ಕದ್ದಿದ್ರ ಅದೂ ಗೊತ್ತಾಕ್ಕೈತಿ.”

ಭುವನಾಗೆ ಅಪ್ಪನ ಮಾತು ಕಟುವಾಯಿತೆನಿಸಿತು. ಆದರೆ ಗುಡ್ಡವ್ವನ ಮುಖ ಗೆಲುವಾಯಿತು. ಆ ನಾಲ್ಕು ತಿಂಗಳಲ್ಲಿ ಕೆಲವರು ಅವಳನ್ನು ಕಳ್ಳಿ ಎಂದಿದ್ದರು, ಕೆಲವರು ಅಯ್ಯೋ ಪಾಪ ಎಂದಿದ್ದರು. ಗೊತ್ತು ಮಾಡಿಕೊಳ್ಳುತ್ತೇನೆ ಎಂದವನು ಇವನೊಬ್ಬನೇ.

“ಹುಡುಕ್ರಿ,” ಎಂದಳು. “ಚಂದಾಗಿ ಹುಡುಕ್ರಿ. ನನಗೇನ ಅಂಜಿಕಿಲ್ಲ.”

ಯುಗಾದಿಗೆ ಎರಡು ದಿನ ಇದೆ ಎನ್ನುವಾಗ ಕೊಯಮತ್ತೂರಿನ ಗಿರಣಿ ಮ್ಯಾನೇಜರರ ಲಕೋಟೆ ಬಂತು. ಅವರ ಡಬ್ಬಿಯ ಸಂಖ್ಯೆ ಒಂಬೈನೂರು ಹೆಚ್ಚು. ತಾರೀಖು: 2002, ಜುಲೈ 30. ತಡವಾಗಿ ಉತ್ತರಿಸಿದ್ದಕ್ಕೆ ಕ್ಷಮೆ ಕೇಳಿ, ಕಂಪನಿಯ ಕಾಗದದ ಝೆರಾಕ್ಸನ್ನೂ ಇಟ್ಟಿದ್ದರು. ಅದನ್ನು ಓದಿ ಸಿದ್ದಲಿಂಗಪ್ಪ ಎದ್ದು ನಿಂತ. ಕೆಲಸದ ದಿನ ಮಧ್ಯಾಹ್ನವೇ ಅಂಗಡಿಯ ಬಾಗಿಲು ಎಳೆದದ್ದು ಭುವನಾ ನೋಡಿದ್ದು ಅದೊಂದೇ ಸಲ. ಮನೆಗೆ ಹೋಗಿ ಬಿಳಿ ಅಂಗಿ ತೊಟ್ಟ. ಅಪ್ಪ ಮಗಳು ಬ್ಯಾಡಗಿಯ ಬಸ್ಸು ಹತ್ತಿದರು.

ಸಾವ್ಕಾರರ ಅಂಗಡಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಭುವನಾ ಕೆಮ್ಮಿ ಕೆಮ್ಮಿ ಕಣ್ಣೀರು ತಂದುಕೊಂಡಳು. ಅಪ್ಪ ಕೆಮ್ಮಲಿಲ್ಲ. ಡಬ್ಬಿ ತರಿಸಿ ನಡುವೆ ಇಟ್ಟು, ಅದರ ಎಡಕ್ಕೆ ಕೊಲ್ಹಾಪುರದ ಪತ್ರ, ಬಲಕ್ಕೆ ಕೊಯಮತ್ತೂರಿನ ಪತ್ರ ಇಟ್ಟ. ಮೂರೂ ಸಂಖ್ಯೆಗಳನ್ನು ಸಾವಕಾಶವಾಗಿ ಓದಿ ಹೇಳಿದ.

“2002ರ ಜೂನ್ ಹನ್ನೊಂದಕ್ಕೂ ಜುಲೈ ಮೂವತ್ತಕ್ಕೂ ನಡುವ ಇದನ್ನ ಮುಚ್ಚ್ಯಾರ್ರಿ. ಚೀಟಿ ಅಚ್ಚೂ ಅದಕ್ಕ ಹೊಂದತೈತಿ. ನಿಮ್ಮ ಮನಿಯಿಂದ ಹೋಗಿದ್ದು ಅದಕ್ಕೂ ಮದಲು. ಆವಾಗ ಗುಡ್ಡವ್ವ ದೇವರಗುಡ್ಡದಾಗ ಗಂಡನ ಕೂಡ ಬಾಳೇವು ಮಾಡಾಕತ್ತಿದ್ದಳು.”

ಸಾವ್ಕಾರರು ಪತ್ರಗಳನ್ನು ಎರಡು ಸಲ ಓದಿದರು. ಆಮೇಲೆ ತಲೆಯೆತ್ತಿ, ತಕ್ಕಡಿಯ ಹತ್ತಿರ ನಿಂತಿದ್ದ ಮಗನನ್ನು ನೋಡಿದರು. 2002ರ ಬೇಸಿಗೆಯಲ್ಲಿ ಮೆಣಸಿನಕಾಯಿಯ ಮಾದರಿ ತೋರಿಸಲು ಮುಂಬೈಗೆ ಹೋಗಿ ಎರಡು ತಿಂಗಳು ಉಳಿದು ಬಂದವನು ವೀರೇಂದ್ರ. ಅವನು ನೆಲ ನೋಡುತ್ತಿದ್ದ.

“ಪೊಲೀಸರಿಗೆ ಹೇಳೂದಿಲ್ಲ. ಮುಗೀತು. ಹೋಗು,” ಎಂದರು ಸಾವ್ಕಾರರು.

“ಅಷ್ಟ ಸಾಲೂದಿಲ್ರಿ. ಪ್ಯಾಟಿ ಮುಂದ ಕಳ್ಳಿ ಅಂದೀರಿ. ಪ್ಯಾಟಿ ಮುಂದ ಅಲ್ಲ ಅನ್ರಿ.”

“ಆಕಿ ಅಲ್ಲಂದ್ರ ಮತ್ಯಾರು ಅಂತ ಕೇಳತಾರ.”

“ಕೇಳಲಿ.”

“ಹಂಗಾರ ನೀನ ಹೇಳು, ಯಾರಂತ!”

“ನಾ ತಾರೀಖ ಹೇಳಾಂವರಿ. ಹೆಸರು ಹೇಳಾಂವ ಅಲ್ಲ. ಅದು ನಿಮಗ ಗೊತ್ತೈತಿ.”

ಬಸ್ಸಿನಲ್ಲಿ ಹಿಂದಿರುಗುವಾಗ ಸಿದ್ದಲಿಂಗಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಮೋಟೆಬೆನ್ನೂರು ದಾಟಿದ ಮೇಲೆ ಮಗಳ ಕಡೆ ತಿರುಗಿ, “ನಿನ್ನ ಇಂಗ್ಲಿಷ್ ಚಲೋ ಇತ್ತವ್ವ,” ಎಂದ. ಅವನ ಮುಖ ಬೆಳಗುತ್ತಿತ್ತು.

ಆದರೆ ಸಾವ್ಕಾರರು ಪೇಟೆಗೆ ಹೇಳಲಿಲ್ಲ. ಕೇಳಿದವರಿಗೆಲ್ಲ ಸಿದ್ದಲಿಂಗಪ್ಪ ತಾರೀಖು ಹೇಳಿದ. ಸಾವ್ಕಾರರ ಮೌನದ ಮುಂದೆ ಗಡಿಯಾರದವನ ತಾರೀಖು ನಡೆಯಲಿಲ್ಲ. ‘ಹೋಗಲಿ ಅಂತ ಬಿಟ್ಟಾರ’ ಎಂದು ಪೇಟೆ ತೀರ್ಮಾನಿಸಿತು. ಬ್ಯಾಡಗಿಯಲ್ಲಿ ಕೆಲಸ ಹುಟ್ಟದೆ ಗುಡ್ಡವ್ವ ರಾಣೆಬೆನ್ನೂರಿಗೆ ಬಂದಳು. ದವಾಖಾನೆಯ ಕೆಲಸಕ್ಕೆ ಹೇಳಿ ಇಡಿಸಿದವನು ಸಿದ್ದಲಿಂಗಪ್ಪನೇ. ಸಾವ್ಕಾರರ ಕೈಗಡಿಯಾರವನ್ನು ರಿಪೇರಿ ಮಾಡಿ, ಕಾಗದದಲ್ಲಿ ಸುತ್ತಿ, ಮೇಲೊಂದು ಚೀಟಿ ಅಂಟಿಸಿಟ್ಟ. ಒಯ್ಯಲು ಬಂದ ಆಳನ್ನು ಎರಡು ಸಲ ಬರಿಗೈಯಲ್ಲಿ ಕಳಿಸಿದ.

*

ವಿಮಾನ ಎತ್ತುವ ಮುಂಚೆ ಪ್ರಭುಲಿಂಗಪ್ಪನವರು ಭುವನಾಳನ್ನು ಬದಿಗೆ ಕರೆದರು.

“ಈಗ ಕೇಳೂ ಮಾತಲ್ಲವ್ವ ಇದು. ಅಂಗಡಿ ತೆರದಾಗ ನಮ್ಮಪ್ಪನ ವಾಚೊಂದು ನೋಡು. ಅವಸರಿಲ್ಲ.”

“ಐತ್ರಿ. ಅಪ್ಪ ಅವತ್ತ ರಿಪೇರಿ ಮಾಡ್ಯಾರ. ವಾರಕ್ಕೊಮ್ಮಿ ಕೀಲಿ ಕೊಡತಿದ್ರು, ಕೆಡಬಾರದಂತ.”

ಸಾವ್ಕಾರರು ಕಣ್ಣು ಮಿಟುಕಿಸಿದರು. “ಹಂಗ ಮಾಡತಿದ್ನಾ?”

“ಅದರ ಮ್ಯಾಲ ಒಂದ ಚೀಟಿ ಐತ್ರಿ. ‘ಮಾತು ಹೇಳಿದ ಮೇಲೆ ಕೊಡುವುದು’ ಅಂತ. ಅಪ್ಪನ ಚೀಟಿ ಮೀರಿ ನಾ ಕೊಡಾಕ ಬರೂದಿಲ್ಲ.”

ಅವಳಿಗೇ ತನ್ನ ದನಿ ಹೊಸದೆನಿಸಿತು. ಹನೀಫ್ ದೂರದಿಂದ ನೋಡುತ್ತಿದ್ದ. ಸಾವ್ಕಾರರು ಹೋಗಿ, ಎಪ್ಪತ್ತರ ವಯಸ್ಸಿನಲ್ಲಿ ವಿಮಾನದ ಮುಂದಿನ ಬೊಂಬಿಗೆ ಹೆಗಲು ಕೊಟ್ಟರು. ಭಜನೆಯವರು ತಾಳ ಕುಟ್ಟುತ್ತ ಮುಂದೆ ಸಾಗಿದರು. ಸ್ಟೇಷನ್ ರಸ್ತೆಯ ಅಂಗಡಿಗಳ ಬಾಗಿಲು ಅರ್ಧ ಇಳಿದಿದ್ದವು. ಮಾಲೀಕರು ಮೆಟ್ಟಿಲ ಮೇಲೆ ನಿಂತು ಕೈ ಮುಗಿದರು.

ರುದ್ರಭೂಮಿಯಲ್ಲಿ ಕುಣಿ ತಯಾರಾಗಿತ್ತು. ಸ್ವಾಮಿಗಳು ಕ್ರಿಯೆ ಮುಗಿಸಿ, ಪತ್ರಿ ಏರಿಸಿ, “ಯಾರರ ಎರಡ ಮಾತ ಆಡೋರಿದ್ರ ಆಡ್ರಿ,” ಎಂದರು.

ಮೊದಲು ಹನೀಫ್ ನಿಂತ. “ನಾನು ಇಪ್ಪತ್ತೆಂಟು ವರ್ಷ ಬಾಜೂಕ ಕುಂತು ಸ್ಟೋವು ಬಡದೇನಿ. ಅಷ್ಟ ಗದ್ದಲದಾಗ ಈ ಮನಷ್ಯಾ ವಾಚಿನ ಸಪ್ಪಳ ಕೇಳತಿದ್ದ. ಒಂದ ದಿನ ಸುಮ್ಮನಿರು ಅನಲಿಲ್ಲ. ಇಷ್ಟ ನಂದು,” ಎಂದು ಮುಖ ತಿರುಗಿಸಿಕೊಂಡ.

ಯಾರೂ ಮುಂದೆ ಬರಲಿಲ್ಲ. ಸ್ವಾಮಿಗಳು ಮಣ್ಣಿಗೆ ಕೈ ಹಾಕಲು ಬಗ್ಗಿದಾಗ, “ನಿಂದರ್ರಿ ಬುದ್ಧಿ,” ಎಂದು ಪ್ರಭುಲಿಂಗಪ್ಪನವರು ಮುಂದೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಈ ಮನಷ್ಯಾ ಎರಡ ವರ್ಷದ ಹಿಂದ ನನಗ ಒಂದ ಲೆಕ್ಕಾ ತೋರಿಸಿದ. ಅಮೆರಿಕಾದಾಗ ಯಾವ ತಿಂಗಳ ಒಂದ ಡಬ್ಬಿ ಮುಚ್ಚಿದ್ರು ಅಂತ ರಾಣೆಬೆನ್ನೂರಾಗ ಕುಂತು ಕಂಡ ಹಿಡದ. ಅದು ಖರೇ ಇತ್ತು. ಖರೇ ಅಂತ ಗೊತ್ತಾದ ಮ್ಯಾಲೂ ನಾ ಬಾಯಿ ಮುಚಗೊಂಡ ಕುಂತೆ. ಯಾಕಂದ್ರ…” ಬೇವಿನ ಗಿಡದ ಕೆಳಗೆ ನಿಂತಿದ್ದ ವೀರೇಂದ್ರನನ್ನು ನೋಡಿದರು. ಅವನು ಕಣ್ಣು ತಪ್ಪಿಸಲಿಲ್ಲ. ಹೌದೆಂದು ತಲೆಯಾಡಿಸಿದ. “ಯಾಕಂದ್ರ ರೂಪಾಯಿ ಒಯ್ದಾಂವ ನನ್ನ ಮಗ. ಗುಡ್ಡವ್ವ ಅಲ್ಲ. ಆಕಿ ನನ್ನ ಮನ್ಯಾಗ ಒಂದ ಕಡ್ಡಿ ಮುಟ್ಟಿಲ್ಲ. ಬ್ಯಾಡಗಿಯವರು ಇಲ್ಲಿ ಮೂರ ಮಂದಿ ಅದಾರ. ಕೇಳ್ರಿ, ಹೋಗಿ ಊರಿಗೆ ಹೇಳ್ರಿ.”

ಬೆಳಿಗ್ಗೆ ಚಪ್ಪರದಲ್ಲಿ ಮಾತಾಡಿದ್ದ ದಲಾಲ ಕೆಳಗೆ ನೋಡಿದ. ನೀಲಗಂಗವ್ವ ಬಾಯಿ ತೆರೆದು ತಮ್ಮನ ಕಡೆ ತಿರುಗಿದಳು. ಸುಶೀಲವ್ವ ಮಾತ್ರ ನೆಟ್ಟಗೆ ನಿಂತಿದ್ದಳು. ಗಂಡನ ಕೆಲಸ ಅವಳಿಗೆ ಯಾವತ್ತೋ ಗೊತ್ತಿತ್ತು. ಭುವನಾಗೆ ಆಗ ಅಳು ಬಂತು, ನಿನ್ನೆಯಿಂದ ತಡೆದದ್ದೆಲ್ಲ.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಗುಡ್ಡವ್ವನ ಸರದಿ ಬಂದಾಗ ಸಾವ್ಕಾರರು ಸರಿದು ದಾರಿ ಬಿಟ್ಟರು. ಅವಳು ಮಣ್ಣಿನಲ್ಲಿದ್ದ ಹರಳುಗಳನ್ನು ಆರಿಸಿ ತೆಗೆದು, ಪುಡಿಮಣ್ಣನ್ನಷ್ಟೇ ಕುಣಿಗೆ ಬಿಟ್ಟಳು.

“ತಪ್ಪಾತವ್ವಾ,” ಎಂದರು ಸಾವ್ಕಾರರು.

ಗುಡ್ಡವ್ವ ಕೈ ಒರೆಸಿಕೊಂಡಳು. “ಅಣ್ಣಾರು ಬದುಕಿದ್ದಾಗ ಅನಬೇಕಿತ್ತರಿ.”

“ಹೌದು. ಅನಬೇಕಿತ್ತು.” ಅವರು ಟೋಪಿ ಹಾಕಿಕೊಳ್ಳಲಿಲ್ಲ. “ನಮ್ಮ ಜೀಪಿನ್ಯಾಗ ಬಾ. ಇವತ್ತ ಮಾರ್ಕೆಟ್ ತುಂಬೈತಿ. ನಿನ್ನ ನಿಂದರಿಸಿಕೊಂಡು ಅಲ್ಲೂ ಹೇಳತೇನಿ.”

ಗುಡ್ಡವ್ವ ಜೀಪಿನ ಕಡೆಗೊಮ್ಮೆ ನೋಡಿದಳು.

“ನನ್ನ ಒಮ್ಮಿ ನಿಂದರಿಸೀರಿ. ಇನ್ನ ಬ್ಯಾಡ. ನೀವು ಮುಂದ ಹೋಗಿ ಹೇಳ್ರಿ. ನಾ ಬಸ್ಸಿಗೆ ಬರತೇನಿ.”

ಜೀಪು ಹೊರಡುವ ಮೊದಲು ಭುವನಾ ಹನೀಫನಿಂದ ಅಂಗಡಿಯ ಕೀಲಿ ಇಸಿದುಕೊಂಡು ಹೋಗಿ ಪೊಟ್ಟಣ ತಂದಳು. ಚೀಟಿ ಕಿತ್ತು ತಾನು ಇಟ್ಟುಕೊಂಡು, ಕೈಗಡಿಯಾರವನ್ನು ಸಾವ್ಕಾರರ ಅಂಗೈಯಲ್ಲಿಟ್ಟಳು. ಅವರು ಅದನ್ನು ಕಿವಿಗೆ ಹಿಡಿದು ಕೇಳಿ, ಕಿಸೆಯಲ್ಲಿಟ್ಟುಕೊಂಡರು.

ಮನೆಯಲ್ಲಿ ಸುಶೀಲವ್ವ ಗುಡ್ಡವ್ವನ ತಲೆಯ ಮೇಲೆ ತಾನೇ ನೀರು ಹಾಕಿದಳು. ಉಡಲು ತನ್ನದೊಂದು ಇಳಕಲ್ ಸೀರೆ ಕೊಟ್ಟಳು. ಗುಡ್ಡವ್ವ ಬೇಡವೆನ್ನಲಿಲ್ಲ.

*

ಬ್ಯಾಡಗಿಯಲ್ಲಿ ಬಸ್ಸು ಇಳಿದಾಗ ಐದು ಗಂಟೆ. ಮಾರುಕಟ್ಟೆಯ ರಸ್ತೆಯ ಎರಡೂ ಬದಿಗೆ ಮೆಣಸಿನಕಾಯಿಯ ರಾಶಿ. ಮೂಗಿಗೆ ಬಟ್ಟೆ ಕಟ್ಟಿದ ಹೆಂಗಸರು ತೊಟ್ಟು ಮುರಿಯುತ್ತ ಕೂತಿದ್ದರು. ಗುಡ್ಡವ್ವನ ಕೂದಲು ಇನ್ನೂ ಹಸಿಯಿತ್ತು. ಹೆರಳು ಹಾಕದೆ ಬೆನ್ನ ಮೇಲೆ ಬಿಟ್ಟಿದ್ದಳು.

ಅವಳು ಅಂಗಡಿಗಳ ಬದಿ ಹಿಡಿಯಲಿಲ್ಲ. ರಸ್ತೆಯ ನಡುವೆ ನಡೆದಳು. ಮೊದಲ ರಾಶಿಯ ಹೆಂಗಸೊಬ್ಬಳು ಮುಖದ ಬಟ್ಟೆ ಕೆಳಗೆಳೆದು ಎದ್ದು ನಿಂತಳು. ಅವಳನ್ನು ನೋಡಿ ಪಕ್ಕದವಳು ಎದ್ದಳು. ಗಾದಿಯ ಮೇಲಿದ್ದ ದಲಾಲರು ಫೋನು ಕಿವಿಯಿಂದ ಇಳಿಸಿ ಹೊರಗೆ ನೋಡಿದರು. ಚಹಾದಂಗಡಿಯಿಂದ ಯಾರೋ, “ಗುಡ್ಡವ್ವಾ, ಬಾರವ್ವ, ಚಾ ಕುಡದು ಹೋಗು,” ಎಂದರು. ಅವಳು ತಲೆಯಾಡಿಸಿದಳು, ನಿಲ್ಲಲಿಲ್ಲ.

ಹಿಂದಿನಿಂದ ಚೀಲ ಹೇರಿದ ಲಾರಿಯೊಂದು ಬಂದು ಹಾರ್ನು ಹೊಡೆಯಿತು. ಗುಡ್ಡವ್ವ ಸರಿಯಲಿಲ್ಲ, ಹೆಜ್ಜೆ ಚುರುಕು ಮಾಡಲೂ ಇಲ್ಲ. ಡ್ರೈವರು ಮತ್ತೊಮ್ಮೆ ಹಾರ್ನಿಗೆ ಕೈ ಹಾಕಿದವನು, ರಸ್ತೆಯ ಎರಡೂ ಬದಿಯಲ್ಲಿ ಎದ್ದು ನಿಂತ ಜನರನ್ನು ಕಂಡು ಕೈ ತೆಗೆದ. ಕೆಂಪು ರಾಶಿಗಳ ನಡುವೆ, ಮಾರುಕಟ್ಟೆಯ ಆ ತುದಿಯವರೆಗೂ, ತುಂಬಿದ ಲಾರಿ ಅವಳ ಹಿಂದೆ ಅವಳ ನಡಿಗೆಯ ವೇಗದಲ್ಲೇ ಬಂತು.